ಗೇರ್‌ಬಾಕ್ಸಿನ ಹಿತ್ತಾಳೆ ರಿಂಗು

ಕೆಟ್ಟುಹೋದ ವಸ್ತು ಕಣ್ಣಿಗೆ ಬಿದ್ದರೆ ಕೆಲವರಿಗೆ ಬೇಸರವಾಗುತ್ತದೆ, ಕೆಲವರಿಗೆ ಖರ್ಚಿನ ಚಿಂತೆ ಹತ್ತುತ್ತದೆ. ನಮ್ಮ ಕಥಾನಾಯಕನಿಗೆ ಮಾತ್ರ ಮೈಯಲ್ಲಿ ಹುರುಪು ತುಂಬಿ ಬರುತ್ತಿತ್ತು. "ಬಿಡಿ, ನಾನೇ ಮಾಡ್ತೀನಿ" ಎಂಬ ಮಾತು ಅವನ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಹೊರಬೀಳುತ್ತಿತ್ತು. ಅದಕ್ಕೇ ಬೀದಿಯವರು ಅವನಿಗೆ ನಾನೇಸ್ವಾಮಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ನಿಜ. ಕರೆದಿದ್ದರೂ ಅವನು ಅದನ್ನು ಬಿರುದೆಂದೇ ತಿಳಿದು ಕೈ ಮುಗಿಯುತ್ತಿದ್ದ.

ಹೊಟ್ಟೆಪಾಡಿಗೆ ಅವನು ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋದ ವಸ್ತುಗಳ ಕೊಠಡಿಯ ಗುಮಾಸ್ತ. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಚೀಟಿ ಅಂಟಿಸಿ ಕಪಾಟಿನಲ್ಲಿ ಇಡುವುದು ಅವನ ಕೆಲಸ. "ಸಿಕ್ಕಿದ್ ವಸ್ತು ಯಾವ್ದೇ ಆಗ್ಲಿ, ಮೊದ್ಲು ಇದು ಯಾರದು ಅಂತ ಕೇಳ್ಬೇಕು" ಎಂದು ಹೊಸದಾಗಿ ಬಂದ ನೌಕರರಿಗೆ ಗಂಭೀರವಾಗಿ ಪಾಠ ಹೇಳುತ್ತಿದ್ದ. ಈ ಮಾತನ್ನು ನೀವಾದರೂ ನೆನಪಿಟ್ಟುಕೊಳ್ಳಿ. ಬೇಕಾದ ಹೊತ್ತಿಗೆ ಅವನಿಗೇ ಅದು ನೆನಪಾಗಲಿಲ್ಲ.

ಮನೆಯ ತಗಡಿನ ಶೆಡ್ಡಿನಡಿ ಒಂದು ಹಳೆಯ ಪಿಕಪ್ ಗಾಡಿ ನಿಂತಿತ್ತು. ಅದು ಮಾವನವರದು. ಆಯುಷ್ಯವೆಲ್ಲ ಊರಿನ ಮೇಜು ಕುರ್ಚಿ ಬೀರುಗಳನ್ನು ಅದರಲ್ಲಿ ಹೇರಿ ಸಾಗಿಸಿದ ಮನುಷ್ಯ, ಕಣ್ಣು ಮಂಜಾದ ಮೇಲೆ ಗಾಡಿಯನ್ನು ಮಗಳ ಮನೆಗೆ ಬಿಟ್ಟಿದ್ದರು. ಮಗಳ ಮನೆಗೆ ಎಂದರೆ ಮಗಳಿಗೆ. ಅಳಿಯ ಓಡಿಸಬಹುದು, ತೊಳೆಯಬಹುದು, ಆದರೆ ಬಾನೆಟ್ಟು ಎತ್ತಕೂಡದು. ಇದಕ್ಕೆ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ನಾನೇಸ್ವಾಮಿ ಮಾವನವರ ಮೆಚ್ಚಿನ ರೇಡಿಯೋವನ್ನು ತಾನೇ ರಿಪೇರಿ ಮಾಡಿದ್ದ. ಅಂದಿನಿಂದ ರೇಡಿಯೋ ಹಾಡಲಿಲ್ಲ, ಮಾವನವರು ಅಳಿಯನೊಂದಿಗೆ ನೇರವಾಗಿ ಮಾತಾಡಲಿಲ್ಲ. ಹೇಳುವುದೇನಿದ್ದರೂ ಮಗಳ ಮೂಲಕ. ಅಳಿಯ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದರೂ "ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ಕೊಡು ಅಂತ" ಎನ್ನುತ್ತಿದ್ದರು. ಮಗಳು ಹೇಳುವ ತನಕ ಉಪ್ಪೂ ಕದಲುತ್ತಿರಲಿಲ್ಲ.

ಈ ಮಗಳು, ಅಂದರೆ ನಾನೇಸ್ವಾಮಿಯ ಹೆಂಡತಿ, ಪರದೆ ಹೊಲಿಯುವುದರಲ್ಲಿ ಎತ್ತಿದ ಕೈ. ಇದುವರೆಗೆ ಕಿಟಕಿ ಬಾಗಿಲುಗಳಿಗೆ ಹೊಲಿಯುತ್ತಿದ್ದವಳಿಗೆ ಈಗ ಊರಿನ ನಾಟಕ ಮಂದಿರದ ದೊಡ್ಡ ಪರದೆಯ ಕೆಲಸ ಬಂದಿತ್ತು. ದಪ್ಪ ಮಖಮಲ್ಲಿನ ಕೆಂಪು ಪರದೆ. ಎರಡು ಭಾಗವಾಗಿ ತೆರೆದುಕೊಳ್ಳಬೇಕು, ತೆರೆದ ಮೇಲೆ ಎರಡು ಪಕ್ಕದಲ್ಲೂ ಗೊಂಡೆಯಿರುವ ಹಗ್ಗದಿಂದ ಬಿಗಿದು, ಹಗ್ಗದ ತುದಿಯ ಹಿತ್ತಾಳೆ ರಿಂಗನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಬೇಕು. ತಿಂಗಳುಗಟ್ಟಲೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲಿ ನೋಡಿದರೂ ಮಖಮಲ್ಲು. ಇವತ್ತು ಸಂಜೆ ಹೊಸ ನಾಟಕ ಶುರು. ಅದಕ್ಕೆ ಮುಂಚೆ ಪರದೆ ಅಲ್ಲಿ ತೂಗಾಡುತ್ತಿರಬೇಕು. ಇಲ್ಲವಾದರೆ ಹಳೇ ಹರಕು ಪರದೆಯನ್ನೇ ಏರಿಸಿ ಮುಂದಿನ ಕೆಲಸವನ್ನೆಲ್ಲ ಪೇಟೆಯ ಅಂಗಡಿಗೆ ಕೊಡುವುದಾಗಿ ಮಂದಿರದ ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದ. ಅವಳಿಗೆ ಈ ಪರದೆಯೇ ಸರ್ವಸ್ವವಾಗಿತ್ತು.

ಹಿಂದಿನ ರಾತ್ರಿ ಅವಳಿಗೆ ಒಂದು ಕೊರತೆ ಕಂಡಿತು. ಅಂಗಡಿಯಿಂದ ತಂದ ಗೊಂಡೆಗಳ ಕೆಂಪು ಬೇರೆ, ಮಖಮಲ್ಲಿನ ಕೆಂಪು ಬೇರೆ. ಗಂಡ ಗೊರಕೆ ಹೊಡೆಯುತ್ತಿದ್ದಾಗ ಟಬ್ಬಿನಲ್ಲಿ ಬಣ್ಣ ಕಲಸಿ ಎರಡು ಹಗ್ಗಗಳನ್ನೂ ಅದ್ದಿ ತೆಗೆದಳು. ಅಂಗಳದ ತಂತಿಯ ತುಂಬ ಬೇರೆ ಬಟ್ಟೆ ಇದ್ದುದರಿಂದ ಅವನ್ನು ಒಯ್ದು ಪಿಕಪ್ಪಿನ ಮುಂದಿನ ಜಾಲರಿಗೆ ತೂಗುಹಾಕಿದಳು. ಬೆಳಕು ಹರಿಯುವ ಮೊದಲೇ ಎದ್ದು, ಅವನ್ನು ಚೀಲಕ್ಕೆ ತುರುಕಿ ಒಳಗೆ ತಂದಿಟ್ಟಳು.

ಬೆಳಿಗ್ಗೆ ನಾನೇಸ್ವಾಮಿ ಗಾಡಿ ಒರೆಸಲು ಬಂದವನು ಬಗ್ಗಿ ನೋಡಿದ. ಗಾಡಿಯ ಮೂತಿಯ ಕೆಳಗೆ ನೆಲದ ತುಂಬ ಕೆಂಪು ಹನಿ. ಅವನ ಎದೆ ಧಸಕ್ಕೆಂದಿತು. ಅದು ಹೆದರಿಕೆಯೋ ಸಂತೋಷವೋ ಅವನಿಗೇ ಗೊತ್ತಾಗಲಿಲ್ಲ.

ಅವನು ಓದಿ ತಿಳಿದವನು. ಗೇರು ತಾನಾಗಿಯೇ ಬದಲಾಗುವ ಇಂಥ ಗಾಡಿಗಳ ಗೇರ್‌ಬಾಕ್ಸ್ ಎಣ್ಣೆ ಕೆಂಪಗಿರುತ್ತದೆ. ಆ ಎಣ್ಣೆ ಓಡಿ ಓಡಿ ಕಾಯುತ್ತದಾದ್ದರಿಂದ ಅದನ್ನು ತಣ್ಣಗೆ ಮಾಡಲು ಜಾಲರಿಯ ಹಿಂದೆ ಒಂದು ಪುಟ್ಟ ಕೂಲರ್ ಇರುತ್ತದೆ. ಹೋಗಲು ಒಂದು ಪೈಪು, ಬರಲು ಒಂದು ಪೈಪು. ಕೂಲರ್ ತೂತಾದರೆ ಎಣ್ಣೆ ಸೋರುತ್ತದೆ, ಎಣ್ಣೆ ಸೋರಿದರೆ ಗೇರ್‌ಬಾಕ್ಸ್ ಸುಟ್ಟು ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಜಾಲರಿಯೊಳಗೆ ಟಾರ್ಚು ಬಿಟ್ಟು ನೋಡಿದ. ಕೂಲರಿನ ಮೇಲೂ ಕೆಂಪು ಒದ್ದೆ. ಇನ್ನೇನು ಬೇಕು ಸಾಕ್ಷಿ? ಮಗಳ ಪರದೆ ನೋಡಲೆಂದು ಹಿಂದಿನ ದಿನವೇ ಬಂದಿದ್ದ ಮಾವನವರು ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವರಿಗೆ ಕೇಳಲಿ ಎಂದೇ ಹೆಂಡತಿಯನ್ನು ಕೂಗಿ, ಗಾಡಿಯ ಎಣ್ಣೆ ಸೋರುತ್ತಿದೆ ಎಂದು ಹೇಳಿದ.

ಮಾವನವರು ಲೋಟ ಕೆಳಗಿಟ್ಟು ಬಂದರು. ಗಾಡಿಯ ಮೇಲೆ ಅವರಿಗೆ ಮಗಳ ಮೇಲಿದ್ದಷ್ಟೇ ಪ್ರೀತಿ. ಸ್ಟಾರ್ಟ್ ಮಾಡಿಸಿ, ಬಾನೆಟ್ಟು ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬೆರಳಿನಿಂದ ಒರೆಸಿ, ಮತ್ತೆ ಅದ್ದಿ ನೋಡಿದರು. ಎಣ್ಣೆ ಗುರುತಿನ ತನಕ ಭರ್ತಿ ಇತ್ತು. ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಮಾವನವರು ಅನುಭವಸ್ಥರು.

"ನಿನ್ನ ಗಂಡನಿಗೆ ಹೇಳು, ಈ ಕಡ್ಡಿ ನಂಬಬಾರದು ಅಂತ. ಸೋರೋ ಗಾಡಿ ಯಾವತ್ತೂ ತುಂಬಿದ ಹಾಗೇ ತೋರಿಸುತ್ತೆ" ಎಂದರು, ಬಾಗಿಲಲ್ಲಿ ನಿಂತಿದ್ದ ಮಗಳಿಗೆ. ಆಮೇಲೆ ಅದೇ ಎಣ್ಣೆ ಬೆರಳನ್ನು ನೆಲದ ಹನಿಯ ಮೇಲೆ ಒತ್ತಿ, ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದರು. ಬೆರಳು ಜಾರುತ್ತಿತ್ತು, ಎಣ್ಣೆಯ ವಾಸನೆಯೂ ಬರುತ್ತಿತ್ತು. "ಗೇರ್‌ಬಾಕ್ಸ್ ಎಣ್ಣೆಯೇ. ಕೂಲರ್ ಹೋಗಿದೆ" ಎಂದು ತೀರ್ಪು ಕೊಟ್ಟರು.

ನಾನೇಸ್ವಾಮಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ವರ್ಷಗಳಲ್ಲಿ ಮಾವನವರು ಅವನ ಮಾತಿಗೆ ಹೌದೆಂದದ್ದು ಇದೇ ಮೊದಲು. ಹೆಂಡತಿಯ ಮುಖ ಮಾತ್ರ ಇಳಿದುಹೋಯಿತು. ಮೆಕ್ಯಾನಿಕ್‌ನನ್ನು ಕರೆಸೋಣ ಎಂದಳು. ಫೋನು ಮಾಡಿದರೆ ಅವನು ನೆಂಟರ ಮದುವೆಗೆ ಹೋಗಿದ್ದ. ಬಾಡಿಗೆ ಗಾಡಿಯವರನ್ನು ಕೇಳಿದರೆ ಭಾನುವಾರ ಯಾವುದೂ ಬಿಡುವಿಲ್ಲ ಎಂದರು. ಅವಳು ಫೋನು ಕೆಳಗಿಡುವುದನ್ನೇ ಕಾದಿದ್ದವನಂತೆ ಗಂಡ ತೋಳು ಮಡಿಸಿದ.

"ಬಿಡು, ನಾನೇ ಮಾಡ್ತೀನಿ."

"ಅಪ್ಪ, ನೀವೂ ಜೊತೇಲಿರಿ" ಎಂದಳು ಅವಳು. ಅವಳ ದನಿಯಲ್ಲಿ ಕೇಳಿಕೆಗಿಂತ ಪ್ರಾರ್ಥನೆಯೇ ಹೆಚ್ಚಾಗಿತ್ತು.

ಬಿಡಿಭಾಗದ ಅಂಗಡಿಯಿಂದ ಹೊಸ ಕೂಲರ್, ಹೊಸ ಕ್ಲಿಪ್ಪುಗಳು, ಎಣ್ಣೆ ಡಬ್ಬಿ ಎಲ್ಲ ಬಂದವು. ಅಷ್ಟರಲ್ಲಿ ಎದುರುಮನೆಯ ಬ್ಯಾಂಡ್ ಮೇಷ್ಟ್ರು ತಮ್ಮ ಕುರ್ಚಿಯನ್ನು ಹೊತ್ತು ತಂದು ಶೆಡ್ಡಿನ ಮುಂದೆ ಹಾಕಿಕೊಂಡು ಕೂತಿದ್ದರು. ನಿವೃತ್ತರಾದ ಮೇಲೂ ಅವರಿಗೆ ನಾಲ್ಕು ಜನ ಕೆಲಸ ಮಾಡುವುದನ್ನು ಕೈ ಬೀಸಿ ನಡೆಸುವ ಅಭ್ಯಾಸ ಹೋಗಿರಲಿಲ್ಲ. ನಾನೇಸ್ವಾಮಿ ಗಾಡಿಗೆ ಕೈಹಾಕಿದ್ದಾನೆ ಎಂಬ ಸುದ್ದಿಯನ್ನು ಬರುವಾಗಲೇ ದಾರಿಯುದ್ದಕ್ಕೂ ಹಂಚಿ ಬಂದಿದ್ದರಿಂದ ಕಾಂಪೌಂಡಿನ ಮೇಲೆ ಹತ್ತಾರು ಮೊಣಕೈಗಳು ಕಾಣಿಸಿಕೊಂಡವು.

ಕೆಲಸ ಶುರುವಾಯಿತು. ಜಾಲರಿಯ ಸ್ಕ್ರೂ ಬಿಚ್ಚಿ ಎಳೆದದ್ದೇ ತಡ, ಒಳಗಿನಿಂದ ಏನೋ ಠಣ್ ಎಂದು ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಒಂದು ಹಿತ್ತಾಳೆ ರಿಂಗು. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೊಳೆಯುತ್ತಿತ್ತು, ದುಂಡಗಿತ್ತು, ಬಹಳ ಮುಖ್ಯವಾದದ್ದರಂತೆ ಕಾಣುತ್ತಿತ್ತು. ಕಳೆದುಹೋದ ವಸ್ತುಗಳ ಗುಮಾಸ್ತ ಇದು ಯಾರದು ಎಂದು ಕೇಳಲಿಲ್ಲ.

"ಕೂಲರಿನ ಭಾಗ ಇರ್ಬೇಕು" ಎಂದ.

"ನಿನ್ನ ಗಂಡನಿಗೆ ಹೇಳು, ಜೋಪಾನವಾಗಿಡು ಅಂತ. ಹಳೇ ಕಾಲದ ಮಾಲು, ಈಗ ಸಿಗೋದಿಲ್ಲ" ಎಂದರು ಮಾವನವರು. ಆದರೆ ಮಗಳು ಅಲ್ಲಿರಲಿಲ್ಲ. ಒಳಗೆ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ಅವರ ಮಾತು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಕೊನೆಗೆ ಬ್ಯಾಂಡ್ ಮೇಷ್ಟ್ರು ಅಳಿಯನ ಕಡೆ ತಿರುಗಿ "ಜೋಪಾನವಾಗಿಡ್ಬೇಕಂತೆ" ಎಂದು ಸೇತುವೆಯಾದರು. ನಾನೇಸ್ವಾಮಿ ರಿಂಗನ್ನು ಜೇಬಿಗೆ ಹಾಕಿಕೊಂಡ.

ಎಣ್ಣೆ ಹಿಡಿಯಲು ಬಚ್ಚಲಿನ ಟಬ್ಬನ್ನು ತಂದಿಟ್ಟು, ಇಬ್ಬರೂ ಗಾಡಿಯಡಿ ತೂರಿ ಅಂಗಾತ ಮಲಗಿದರು. ಹೊರಗಿನವರಿಗೆ ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು. ನಾನೇಸ್ವಾಮಿ ಮೊದಲ ಪೈಪಿನ ಕ್ಲಿಪ್ಪು ಸಡಿಲಿಸಿ ಎಳೆದ. ಬರಲಿಲ್ಲ. ಇನ್ನೂ ಬಲವಾಗಿ ಎಳೆದ. ಬಂತು. ಪೈಪು ಒಂದು ಕೈಗೆ ಬಂತು, ಎಣ್ಣೆ ಎಲ್ಲ ಕಡೆಗೂ ಬಂತು. ಮಾವನವರ ಹಣೆಗೆ, ಮೀಸೆಗೆ, ಬಾಯಿಗೆ. ಮಗಳಿಗೆ ಹೇಳಿ ಕಳಿಸುವಷ್ಟು ವ್ಯವಧಾನ ಎಲ್ಲಿದೆ?

"ಬೆರಳಿಡ್ರೀ ಅಳಿಯಂದ್ರೇ, ಬೆರಳಿಡ್ರೀ!"

ನಾನೇಸ್ವಾಮಿ ಬೆರಳಿಟ್ಟ. ಎಣ್ಣೆ ನಿಂತಿತು. ಮಾವನವರು ತಮ್ಮ ಬಾಯಿಂದ ಹೊರಬಿದ್ದದ್ದನ್ನು ತಾವೇ ಕೇಳಿಸಿಕೊಂಡು ಬೆರಗಾಗಿದ್ದರು. ಅಳಿಯನಿಗೆ ಮೈಯೆಲ್ಲ ಎಣ್ಣೆಯಾದರೂ ಹೊಟ್ಟೆಯೊಳಗೆ ತಣ್ಣಗಾಗಿತ್ತು. "ಇಟ್ಟಿದೀನಿ ಮಾವ" ಎಂದ ಮೆತ್ತಗೆ.

ಆ ಸಂಭ್ರಮದಲ್ಲಿ ಮಾವನವರು ಹೊರಗೆ ಬರುವಾಗ ಒಂದು ಕಾಲನ್ನು ಟಬ್ಬಿನೊಳಗೇ ಇಟ್ಟರು. ಟಬ್ಬು ಮಗುಚಿತು. ಎಣ್ಣೆ ಅಂಗಳ ದಾಟಿ, ಗೇಟು ದಾಟಿ, ಚರಂಡಿಗೆ ಇಳಿದು, ಬೀದಿಯುದ್ದಕ್ಕೂ ಕೆಂಪಗೆ ಮೆರವಣಿಗೆ ಹೊರಟಿತು. ಅದು ರಕ್ತ ಎಂದು ಯಾರೂ ಕಿರುಚಲಿಲ್ಲ, ಆ ಬೀದಿಯವರು ಅಷ್ಟು ದಡ್ಡರಲ್ಲ. ಆ ಮನೆಯಲ್ಲಿ ದಿನವೂ ಬಟ್ಟೆಯ ಕೆಲಸ ನಡೆಯುವುದು ಗೊತ್ತಿದ್ದ ಕೆಳಗಿನ ಮನೆಯವರು ಇದು ಬಣ್ಣದ ನೀರೆಂದೇ ತೀರ್ಮಾನಿಸಿ ನಗರಸಭೆಗೆ ದೂರು ಕೊಟ್ಟರು. ಭಾನುವಾರವೂ ಮನೆಯಲ್ಲಿ ಕೂರಲಾರದ ಚರಂಡಿ ಇನ್‌ಸ್ಪೆಕ್ಟರು ಬೈಕಿನಲ್ಲಿ ಬಂದೇಬಿಟ್ಟ.

ಬಂದವನೇ, ಮನೆಯಲ್ಲಿ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಿದ್ದೀರಂತೆ ಎಂದು ದಬಾಯಿಸಿದ. ನಾನೇಸ್ವಾಮಿಗೆ ಸ್ವಾಭಿಮಾನ ಕೆರಳಿತು. ಇಷ್ಟು ಕಷ್ಟಪಟ್ಟು ಮಾಡಿದ ರಿಪೇರಿಯನ್ನು ಬಟ್ಟೆಗೆ ಬಣ್ಣ ಹಾಕುವುದು ಎನ್ನುವುದೇ? ಬಣ್ಣಕ್ಕೂ ಈ ಗಾಡಿಗೂ ಏನೇನೂ ಸಂಬಂಧವಿಲ್ಲ, ಇದು ಗೇರ್‌ಬಾಕ್ಸ್ ಎಣ್ಣೆ, ಬೆಳಗಿನಿಂದ ಸೋರುತ್ತಿದೆ, ಬೇಕಾದರೆ ನಮ್ಮ ಮಾವನವರನ್ನು ಕೇಳಿ ಎಂದು ಎದೆ ತಟ್ಟಿ ಹೇಳಿದ. ಮಾವನವರು ಕೆಂಪು ಮೀಸೆಯನ್ನು ಒರೆಸಿಕೊಂಡು ಹೌದೆಂದು ತಲೆಯಾಡಿಸಿದರು.

ಇನ್‌ಸ್ಪೆಕ್ಟರು ಸಮಾಧಾನವಾಗಿ ಕೇಳಿಸಿಕೊಂಡ. "ಬಣ್ಣ ಆಗಿದ್ರೆ ಎಚ್ಚರಿಕೆ ಕೊಟ್ಟು ಬಿಡ್ತಿದ್ದೆ. ಎಣ್ಣೆ ಅಂದ್ರೆ ಹಾಗಲ್ಲ. ಗಾಡಿ ಈಗ್ಲೇ ಎಳೆಸ್ಕೊಂಡ್ ಹೋಗ್ಬೇಕಾಗುತ್ತೆ."

ನಾನೇಸ್ವಾಮಿ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಲ್ಲಿ, ಮಡಿಸಿದ ಮಖಮಲ್ಲಿನ ಒಂದು ಕೊನೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಗಾಡಿ ಹೋದರೆ ಪರದೆ ಹೋಯಿತು, ಅವಳ ತಿಂಗಳುಗಳ ದುಡಿಮೆ ಹೋಯಿತು.

"ಹಾಗಾದ್ರೆ ಬಣ್ಣಾನೇ ಸ್ವಾಮಿ" ಎಂದ ಥಟ್ಟನೆ.

"ಈಗ ಎಣ್ಣೆ ಅಂದ್ರಿ?"

"ಬಾಯಿ ತಪ್ಪಿ ಅಂದೆ."

ಇನ್‌ಸ್ಪೆಕ್ಟರು ನಗಲೂ ಇಲ್ಲ, ನಂಬಲೂ ಇಲ್ಲ. ಫೋನು ತೆಗೆದ. ಅಷ್ಟರಲ್ಲಿ ಹೆಂಡತಿ ಒಳಗೆ ಹೋಗಿ ಬಣ್ಣದ ಪುಡಿಯ ಖಾಲಿ ಪೊಟ್ಟಣವನ್ನು ತಂದು ಅವನ ಮುಂದೆ ಹಿಡಿದಳು. ನಿನ್ನೆ ಗೊಂಡೆಗಳಿಗೆ ಬಣ್ಣ ಹಾಕಿದ್ದು ತಾನೇ, ಇಲ್ಲೇ ಒಣಗಿಸಿದ್ದು, ಹನಿ ಬಿದ್ದಿದೆ, ನೋಡಿಕೊಳ್ಳಿ ಎಂದು ಗಾಡಿಯ ಮೂತಿಯ ಕೆಳಗಿನ ಬೆಳಗಿನ ಕಲೆಗಳ ಹತ್ತಿರ ಕರೆದುಕೊಂಡು ಹೋದಳು. ಅವನು ಬಗ್ಗಿ ಒಂದು ಹನಿಯನ್ನು ಉಜ್ಜಿದ, ಮೂಸಿದ, ಒದ್ದೆ ಕರ್ಚೀಫಿನಿಂದ ಒರೆಸಿ ನೋಡಿದ.

"ಇದು ಬಣ್ಣಾನೇ" ಎಂದ. ಇನ್ನು ಮುಂದೆ ಹೀಗೆಲ್ಲ ಮಾಡಬೇಡಿ, ಹರಿದಿದ್ದರ ಮೇಲೆಲ್ಲ ಮರಳು ಹಾಕಿ ಎತ್ತಿಸಿ ಎಂದು ಹೇಳಿ ಬೈಕು ಹತ್ತಿದ. ಹೊರಡುವಾಗ ನಾನೇಸ್ವಾಮಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಬಣ್ಣ ಯಾವುದು ಎಣ್ಣೆ ಯಾವುದು ಎಂದು ಹೆಂಡತಿಯಿಂದ ಕಲಿತುಕೊಳ್ಳಿ ಎಂದೂ ಸೇರಿಸಿದ.

ಅವನು ಮರೆಯಾದ ಮೇಲೆ ಅಳಿಯ ಮಾವ ಇಬ್ಬರೂ ಅವಳನ್ನು ದೇವತೆಯನ್ನು ನೋಡುವಂತೆ ನೋಡಿದರು. "ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ಲು ನೋಡಿ ಅಳಿಯಂದ್ರೇ" ಎಂದರು ಮಾವನವರು. "ನಿಮ್ಮ ಮಗಳಲ್ವಾ ಮಾವ" ಎಂದ ಅಳಿಯ. ಇಬ್ಬರೂ ಬಾಯ್ತುಂಬ ನಕ್ಕರು. ಅವಳು ನಗಲಿಲ್ಲ. ನೆಲದ ಹನಿಗಳನ್ನೊಮ್ಮೆ ನೋಡಿದಳು, ಬಿಚ್ಚಿಟ್ಟ ಕೂಲರನ್ನೊಮ್ಮೆ ನೋಡಿದಳು, ಆಮೇಲೆ ಒಂದೇ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಗಂಡನನ್ನೂ ಅಪ್ಪನನ್ನೂ ನೋಡಿದಳು. ಏನೋ ಹೇಳಲು ತೆರೆದ ಬಾಯನ್ನು ಮುಚ್ಚಿಕೊಂಡು, ಬೇಗ ಮುಗಿಸಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ಬ್ಯಾಂಡ್ ಮೇಷ್ಟ್ರು ಬೀದಿಯವರನ್ನು ಒಟ್ಟುಹಾಕಿ, ಕೈ ಬೀಸಿ ಬೀಸಿ ಮರಳು ಹಾಕಿಸಿದರು. ಗಾಡಿಯಡಿಯಿಂದ "ಹಿಡೀರಿ ಮಾವ", "ಬಿಡಿ ಅಳಿಯಂದ್ರೇ" ಎಂಬ ಮಾತುಗಳು ಬಿಡುವಿಲ್ಲದೆ ಕೇಳಿಬರುತ್ತಿದ್ದವು. ವರ್ಷಗಟ್ಟಲೆ ಕೂಡಿಟ್ಟ ಮಾತಲ್ಲವೇ, ಖರ್ಚಾಗಬೇಕಿತ್ತು. ಒಂದು ಸಲ ರೇಡಿಯೋದ ವಿಷಯವೂ ಬಂತು. ಅದು ಮೊದಲೇ ಅರ್ಧ ಕೆಟ್ಟಿತ್ತು ಎಂದು ಮಾವನವರು ಒಪ್ಪಿಕೊಂಡರು.

ಹೊಸ ಕೂಲರ್ ತನ್ನ ಜಾಗದಲ್ಲಿ ಕೂತಿತು. ಬೋಲ್ಟು ಬಿಗಿದಾಯಿತು, ಪೈಪು ಸಿಕ್ಕಿಸಿದ್ದಾಯಿತು, ಕ್ಲಿಪ್ಪು ಹಾಕಿದ್ದಾಯಿತು. ಉಳಿದದ್ದು ಆ ಹಿತ್ತಾಳೆ ರಿಂಗು. ಅದು ಎಲ್ಲಿಂದ ಬಂತೋ ಅಲ್ಲಿಗೆ ಸೇರಬೇಕು, ಆದರೆ ಎಲ್ಲಿಂದ ಬಂತು? ಬೋಲ್ಟಿಗೆ ದೊಡ್ಡದು, ರೇಡಿಯೇಟರ್ ಮುಚ್ಚಳಕ್ಕೆ ಚಿಕ್ಕದು. ಕಾಂಪೌಂಡಿನಿಂದ ಹತ್ತಾರು ಸಲಹೆಗಳು ಬಂದವು. ಇದೇ ಇಲ್ಲದಿದ್ದರೆ ಗಾಡಿ ಹಿಂದಕ್ಕೆ ಹೋಗುವುದಿಲ್ಲ ಎಂದು ಬ್ಯಾಂಡ್ ಮೇಷ್ಟ್ರು ಹೇಳಿದ್ದನ್ನು ಯಾರೂ ಅಲ್ಲಗಳೆಯಲಿಲ್ಲ, ಏಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಕೊನೆಗೆ ಮಾವನವರು ಒಂದು ಪೈಪಿನ ಕೊನೆಗೆ ಅದು ಸಲೀಸಾಗಿ ತೂರುವುದನ್ನು ಕಂಡುಹಿಡಿದರು. ಪೈಪು ಕಳಚಿ, ರಿಂಗು ತೂರಿಸಿ, ಮತ್ತೆ ಸಿಕ್ಕಿಸಿ, ಮತ್ತೆ ಬಿಗಿದರು. ಒಡವೆ ತೊಟ್ಟ ಹಾಗೆ ಪೈಪು ಚೆನ್ನಾಗಿಯೇ ಕಾಣಿಸಿತು.

ಎಣ್ಣೆ ತುಂಬಿಸಿ ಸ್ಟಾರ್ಟ್ ಮಾಡಿದರು. ಗಾಡಿ ಹಿಂದಕ್ಕೆ ಹೋಯಿತು, ಮುಂದಕ್ಕೂ ಬಂತು. ಕೆಳಗೆ ಹಾಸಿದ ಕಾಗದದ ಮೇಲೆ ಒಂದು ಹನಿಯೂ ಬೀಳಲಿಲ್ಲ. "ರಿಂಗಿನ ಮಹಿಮೆ" ಎಂದರು ಮಾವನವರು. ಜನ ಚಪ್ಪಾಳೆ ತಟ್ಟಿದರು. ನಾನೇಸ್ವಾಮಿ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ರಿಪೇರಿಯನ್ನು ಸಾಂಗವಾಗಿ ಮುಗಿಸಿದ್ದ. ರಿಪೇರಿ ಬೇಕಿತ್ತೋ ಇಲ್ಲವೋ ಎಂಬುದು ಬೇರೆ ಮಾತು.

ಪರದೆಯನ್ನು ಬೀದಿಯವರೆಲ್ಲ ಸೇರಿ ಎತ್ತಿ ಹಿಂದೆ ಹೇರಿದರು. ಅದು ಗಾಳಿಗೆ ಹಾರದಿರಲೆಂದು ಬ್ಯಾಂಡ್ ಮೇಷ್ಟ್ರು ಅದರ ಮೇಲೆಯೇ ಕೂತರು. ನಾಟಕ ಮಂದಿರ ತಲುಪಿದಾಗ ಜನ ಆಗಲೇ ಟಿಕೆಟ್ಟಿಗೆ ನಿಂತಿದ್ದರು. ಮ್ಯಾನೇಜರು ಗಡಿಯಾರವನ್ನೂ ಅವಳನ್ನೂ ಒಂದೇ ಮುಖ ಮಾಡಿಕೊಂಡು ನೋಡಿದ. ಕೆಲಸದವರು ಸರಸರನೆ ಏಣಿ ಹತ್ತಿ ಪರದೆ ಏರಿಸಿದರು. ಅಂಥ ಪರದೆ ಆ ಮಂದಿರ ಕಂಡೇ ಇರಲಿಲ್ಲ. ಮ್ಯಾನೇಜರಿನ ಗಂಟುಮೋರೆಯೂ ಸ್ವಲ್ಪ ಸಡಿಲಾಯಿತು.

ಅವಳು ಚೀಲದಿಂದ ಗೊಂಡೆಯ ಹಗ್ಗಗಳನ್ನು ತೆಗೆದು ಎಡಪಕ್ಕವನ್ನು ಬಿಗಿದು ಕೊಕ್ಕೆಗೆ ಸಿಕ್ಕಿಸಿದಳು. ಬಲಪಕ್ಕಕ್ಕೆ ಬಂದಳು. ಹಗ್ಗದ ತುದಿಯಲ್ಲಿ ಗಂಟು ಬಿಚ್ಚಿಹೋಗಿತ್ತು, ರಿಂಗು ಇರಲಿಲ್ಲ. ಚೀಲ ಕೊಡವಿದಳು, ನೆಲ ತಡಕಿದಳು. ರಿಂಗಿಲ್ಲದೆ ಹಗ್ಗ ಕೊಕ್ಕೆಯಲ್ಲಿ ನಿಲ್ಲದು, ಹಗ್ಗ ನಿಲ್ಲದಿದ್ದರೆ ಪರದೆ ಜಾರಿ ನಾಟಕದವರ ತಲೆಯ ಮೇಲೇ ಬರುತ್ತದೆ. ಹಳೇ ಪರದೆ ಇಲ್ಲೇ ಇರಲಿ, ಒಳಗಿಡಬೇಡಿ ಎಂದು ಮ್ಯಾನೇಜರು ಯಾರಿಗೋ ಕೂಗಿ ಹೇಳಿದ. ಅವಳ ಕಣ್ಣು ತುಂಬಿ ಬಂತು.

"ಇದೇ ಥರ ಹಿತ್ತಾಳೆ ರಿಂಗು" ಎಂದು ಎಡಗಡೆಯದನ್ನು ಗಂಡನಿಗೆ ತೋರಿಸಿದಳು. "ರಾತ್ರಿ ಬಣ್ಣ ಹಾಕಿ ಗಾಡಿ ಜಾಲರಿಗೆ ಒಣಗೋಕೆ ಹಾಕಿದ್ದೆ ರೀ. ಅಲ್ಲೇ ಜಾರಿರ್ಬೇಕು."

ನಾನೇಸ್ವಾಮಿ ಆ ರಿಂಗನ್ನು ನೋಡಿದ. ಮಾವನವರೂ ನೋಡಿದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಜಾಲರಿ. ಬಣ್ಣ. ಕೆಂಪು ಹನಿ. ಗುರುತಿನ ತನಕ ಭರ್ತಿಯಿದ್ದ ಎಣ್ಣೆ. ಒಂದೊಂದಾಗಿ ಎಲ್ಲವೂ ಮಾವನವರ ಮುಖದ ಮೇಲೆ ಹಾದುಹೋದವು. ಎಣ್ಣೆ ಕುಡಿದ ಮೀಸೆ ಒಮ್ಮೆ ಅದುರಿತು.

ನಾನೇಸ್ವಾಮಿ ಜೇಬಿನಲ್ಲೇ ಉಳಿದಿದ್ದ ಸ್ಪ್ಯಾನರ್ ಎಳೆದುಕೊಂಡು ಹೊರಗೆ ಓಡಿದ. ಮಾವನವರು ಬೆನ್ನ ಹಿಂದೆಯೇ ಓಡಿದರು. ಮೊದಲ ಗಂಟೆ ಬಾರಿಸುವಷ್ಟರಲ್ಲಿ ಇಬ್ಬರೂ ಏದುಸಿರು ಬಿಡುತ್ತ ವಾಪಸು ಬಂದು, ಎಣ್ಣೆ ಒರೆಸಿದ ರಿಂಗನ್ನು ಅವಳ ಅಂಗೈಗೆ ಹಾಕಿದರು.

"ಎಲ್ಲಿತ್ತು?" ಎಂದಳು.

"ದಾರೀಲಿ ಸಿಕ್ತು" ಎಂದ ಗಂಡ.

"ದಾರೀಲೇ" ಎಂದರು ಅಪ್ಪ.

ಅವಳು ಗಂಡನ ಕೈಯಲ್ಲಿದ್ದ ಸ್ಪ್ಯಾನರನ್ನೊಮ್ಮೆ ನೋಡಿ, ಹಗ್ಗ ಬಿಗಿದು ರಿಂಗನ್ನು ಕೊಕ್ಕೆಗೆ ಸಿಕ್ಕಿಸಿದಳು. ಪರದೆ ಎರಡು ಪಕ್ಕಕ್ಕೂ ನೆರಿಗೆ ನೆರಿಗೆಯಾಗಿ ನಿಂತಿತು. ಮ್ಯಾನೇಜರು ದೂರ ಹೋಗಿ ನೋಡಿ, ಹತ್ತಿರ ಬಂದು ನೋಡಿ, ಮಂದಿರದ ಉಳಿದ ಪರದೆಗಳನ್ನೂ ನೀವೇ ಹೊಲಿಯಬೇಕು ಎಂದ. ಅಳಿಯ ಮಾವ ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬ್ಯಾಂಡ್ ಮೇಷ್ಟ್ರು ಬಿಡಬೇಕಲ್ಲ. ಇವರಿಬ್ಬರು ಬೆಳಗಿನಿಂದ ಸಂಜೆಯೊಳಗೆ ಗಾಡಿಯ ಕೂಲರನ್ನೇ ಬದಲಾಯಿಸಿದ ನಿಸ್ಸೀಮರು ಎಂದು ಮ್ಯಾನೇಜರಿಗೆ ಪರಿಚಯಿಸಿದರು. ಅವನ ಕಣ್ಣರಳಿತು. ತನ್ನ ಕಾರಿನ ಕೆಳಗೂ ನಾಲ್ಕಾರು ದಿನದಿಂದ ಏನೋ ಹನಿ ಬೀಳುತ್ತಿದೆ, ಯಾರಿಗೂ ಗೊತ್ತಾಗುತ್ತಿಲ್ಲ, ಸ್ವಲ್ಪ ನೋಡುತ್ತೀರಾ ಎಂದು ಕೇಳಿದ.

ಎಲ್ಲರೂ ನಾನೇಸ್ವಾಮಿಯ ಬಾಯನ್ನೇ ನೋಡಿದರು. ಆ ಬಾಯಿ ತೆರೆಯಲಿಲ್ಲ. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಸ್ಪ್ಯಾನರನ್ನು ಬೆನ್ನ ಹಿಂದೆ ಮರೆಸುತ್ತಿದ್ದ. ಆಗ ಅವನ ಹೆಗಲ ಮೇಲೆ ಒಂದು ಒರಟು ಕೈ ಬಂದು ಕೂತಿತು.

"ಬಿಡಿ ಸ್ವಾಮಿ, ನಾವೇ ಮಾಡ್ತೀವಿ" ಎಂದರು ಮಾವನವರು. ಆಮೇಲೆ ಅಳಿಯನ ಕಿವಿಯ ಹತ್ತಿರ ಬಗ್ಗಿ, "ಮೊದ್ಲು ಆ ಕಾರಿನ ಮೇಲೆ ಯಾರಾದ್ರೂ ಏನಾದ್ರೂ ಒಣಗೋಕೆ ಹಾಕಿದಾರಾ ಕೇಳಿ" ಎಂದರು.

ಇಬ್ಬರೂ ಹೊರಗೆ ನಡೆದರು. ನಾಟಕ ಶುರುವಾಗುವ ಗಂಟೆ ಬಾರಿಸುವುದಿನ್ನೂ ಬಾಕಿ ಇದ್ದುದರಿಂದ ಕೆಲಸದವರು ಪರದೆ ಎಳೆದು ಮುಚ್ಚಿದ್ದರು. ಬಾಗಿಲ ಹತ್ತಿರ ನಾನೇಸ್ವಾಮಿ ಒಮ್ಮೆ ತಿರುಗಿ ನೋಡಿದ. ಹೆಂಡತಿ ಎಲ್ಲೂ ಕಾಣಲಿಲ್ಲ. ಮಂದಿರದ ಕಿಟಕಿಗಳೆಲ್ಲ ಮುಚ್ಚಿದ್ದವು, ಗಾಳಿ ಸುಳಿಯುತ್ತಿರಲಿಲ್ಲ. ಆದರೂ ಹೊಸ ಪರದೆಯ ಬಲಪಕ್ಕ, ಹಿಂದೆ ಯಾರೋ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಾರೋ ಎಂಬಂತೆ, ಒಂದೇ ಸಮ ಕುಲುಕುತ್ತಿತ್ತು.